ವರ್ಷಕ್ಕೆ ಮೂರ್ನಾಲ್ಕು ಟ್ರೆಕ್‌ಗೆ ಎಂಥ ರೇನ್ ಜಾಕೆಟ್?

ವರ್ಷಕ್ಕೆ ಮೂರ್ನಾಲ್ಕು ಸಲ ಟ್ರೆಕ್ ಹೋಗುವವರಿಗೆ ಹಗುರ ಜಾಕೆಟ್ ಬೇಕೇ ಬೇಕಾ, ಬೈಕಿನ ರೇನ್‌ಕೋಟೇ ಸಾಕಾಗಲ್ವಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ನಾನು ಅದನ್ನೇ ಹಾಕಿಕೊಂಡು ಕುದುರೆಮುಖ ಹತ್ತಿದ್ದೆ. ಮಳೆ ಒಳಗೆ ಬರಲಿಲ್ಲ, ಆದರೆ ಅರ್ಧ ಗಂಟೆಯಲ್ಲಿ ಬೆವರಿಗೇ ಅಂಗಿ ತೊಪ್ಪೆಯಾಗಿತ್ತು. ಬೈಕ್ ಮೇಲೆ ಸುಮ್ನೆ ಕೂತಿರುತ್ತೇವೆ, ಬೆಟ್ಟ ಹತ್ತುವಾಗ ಮೈಯೆಲ್ಲ ಬಿಸಿ ಅಲ್ವಾ?

ಹಾಗಾಗಿ ಕಂಕುಳಲ್ಲಿ ಗಾಳಿಯಾಡಲು ಜಿಪ್ ಇದೆಯಾ ಅಂತ ಮೊದಲು ನೋಡಿ. ಆಮೇಲೆ ಜಾಕೆಟನ್ನು ಒಳಹೊರಗು ಮಾಡಿ. ಹೊಲಿಗೆಯ ಉದ್ದಕ್ಕೂ ಬೆರಳಗಲದ ನುಣುಪಾದ ಟೇಪ್ ಅಂಟಿಸಿರಬೇಕು. ಅದಿಲ್ಲದಿದ್ದರೆ ಬ್ಯಾಗಿನ ಪಟ್ಟಿ ಒತ್ತುವ ಭುಜದಲ್ಲೇ ನೀರು ಇಳಿಯುತ್ತದೆ. ಬಟ್ಟೆ ಎಷ್ಟು ನೀರಿನ ಒತ್ತಡ ತಡೆಯುತ್ತದೆ ಅನ್ನೋದನ್ನು ಲೇಬಲ್ ಮೇಲೆ ಮಿ.ಮೀ. ಲೆಕ್ಕದಲ್ಲಿ ಬರೆದಿರುತ್ತಾರೆ; 2,000 ಮಿ.ಮೀ. ಅಂತಿದ್ದರೆ ಅದು ಸಣ್ಣ ಮಳೆಗೆ ಮಾತ್ರ. ಮಲೆನಾಡಿನ ಜುಲೈ ಮಳೆಗೆ 10,000 ಇರಲಿ. ಸ್ಕಂದಗಿರಿ, ಸಾವನದುರ್ಗ ಅಷ್ಟೇ ಆದರೆ 5,000 ಧಾರಾಳ.

ತೂಕ 300 ಗ್ರಾಂ ಆಸುಪಾಸು ಸಾಕು. ತೀರಾ ತೆಳು ಬಟ್ಟೆ ಮುಳ್ಳಿಗೆ ಸಿಕ್ಕರೆ ಹರಿಯುತ್ತದೆ.

ಬೆಂಗಳೂರಲ್ಲೇ ಇದ್ದೀರಿ, ಆನ್‌ಲೈನ್ ಬೇಡ. ಬ್ಯಾಗ್ ಸಮೇತ ಅಂಗಡಿಗೆ ಹೋಗಿ ಹಾಕಿ ನೋಡಿ. ಟೋಪಿ ಏರಿಸಿ ಪಕ್ಕಕ್ಕೆ ತಿರುಗಿ. ಟೋಪಿಯೂ ತಲೆಯ ಜೊತೆ ತಿರುಗಬೇಕು, ಇಲ್ಲದಿದ್ದರೆ ಒಂದು ಕಣ್ಣು ಮುಚ್ಚಿಹೋಗುತ್ತದೆ. ಜಾರುವ ಬಂಡೆ ಮೇಲೆ ಅದು ಅಪಾಯ.

ಮನೆಗೆ ಬಂದ ಮೇಲೆ ಒದ್ದೆ ಜಾಕೆಟನ್ನು ಮಡಚಿಡಲೇಬೇಡಿ. ಒಳಪದರ ಸುಲಿದು ಬರುತ್ತದೆ. ನೆರಳಲ್ಲಿ ಹರವಿ ಒಣಗಿಸಿ.