ಬಾಚ್ಡ್ ಅಂದರೆ ಬರೀ ವಿಫಲ ಅಲ್ಲ

ಪ್ರಶ್ನೆ: ಇಂಗ್ಲಿಷ್ ಪೇಪರ್‌ಗಳಲ್ಲಿ ‘ಬಾಚ್ಡ್ (botched) ಸರ್ಜರಿ’, ‘ಬಾಚ್ಡ್ ರಾಬರಿ’ ಅಂತ ಆಗಾಗ ನೋಡುತ್ತೇನೆ. ಕನ್ನಡಕ್ಕೆ ತರುವಾಗ ‘ವಿಫಲ’ ಅಂತಲೇ ಬರೆಯುತ್ತಿದ್ದೆ. ಗೆಳತಿ ಅದು ತಪ್ಪು ಅನ್ನುತ್ತಾಳೆ. ಹೌದಾ ಮೇಡಂ?
– ಓದುಗರು, ಹಾಸನ

ಉತ್ತರ: ನಿಮ್ಮ ಗೆಳತಿ ಹೇಳಿದ್ದು ಸರಿ. ವಿಫಲ ಅಂದರೆ ಅಂದುಕೊಂಡದ್ದು ಆಗಲಿಲ್ಲ, ಅಷ್ಟೆ. ಮಳೆ ಬಂದಿರಬಹುದು, ದುಡ್ಡು ಸಾಲದೆ ಹೋಗಿರಬಹುದು. ಬಾಚ್ಡ್ ಅಂದರೆ ಹಾಗಲ್ಲ, ಅಲ್ಲಿ ತಪ್ಪು, ಕೆಲಸ ಮಾಡಿದವರ ಕೈಯದ್ದೇ. ನಮ್ಮ ‘ಎಡವಟ್ಟು’, ‘ಕುಲಗೆಡಿಸಿಬಿಟ್ಟ’ ಅನ್ನೋ ಮಾತುಗಳು ಅದಕ್ಕೆ ಹತ್ತಿರ.

2012ರಲ್ಲಿ ಸ್ಪೇನಿನ ಬೊರ್ಹಾ ಊರಿನ ಚರ್ಚಿನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಗೋಡೆಯ ಮೇಲೆ ಮುಳ್ಳಿನ ಕಿರೀಟ ತೊಟ್ಟ ಏಸುವಿನ ಚಿತ್ರ, ಬಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಅದೇ ಊರಿನ, ಎಂಬತ್ತು ದಾಟಿದ ಅಜ್ಜಿಯೊಬ್ಬರು ನೋಡಲಾರದೆ ತಾವೇ ಕುಂಚ ಹಿಡಿದರು. ಗಣಪತಿ ಮಾಡಲು ಹೋಗಿ ಅವರಪ್ಪನ್ನ ಮಾಡಿದ ಹಾಗಾಯಿತು. ಬಾಯಿ ಕಲಸಿಹೋಯಿತು, ಕಿರೀಟ ಕೂದಲಿನ ಟೋಪಿಯಂತಾಯಿತು. ಇಂಗ್ಲಿಷ್ ಪತ್ರಿಕೆಗಳು ಅದನ್ನು ‘ಬಾಚ್ಡ್ ರೆಸ್ಟೊರೇಷನ್’ ಅಂದವು. ಅಜ್ಜಿಯ ಮನಸ್ಸು ಒಳ್ಳೆಯದೇ ಇತ್ತು, ಅದನ್ನು ಈ ಪದ ಅಲ್ಲಗಳೆಯುವುದಿಲ್ಲ. ಕೈ ಸೋತಿತು ಅಂತ ಮಾತ್ರ ಹೇಳುತ್ತದೆ.

ನನಗೆ ತುಂಬಾ ಇಷ್ಟವಾದ ಸಂಗತಿ ಇನ್ನೊಂದಿದೆ. ಬಾಚ್ ಅಂದರೆ ಮೊದಲು ಕೆಡಿಸು ಅಂತ ಇರಲೇ ಇಲ್ಲ, ರಿಪೇರಿ ಮಾಡು, ತೇಪೆ ಹಾಕು ಅಂತಿತ್ತು. 14ನೇ ಶತಮಾನದ ಕೊನೆಯ ಇಂಗ್ಲಿಷ್ ಬೈಬಲಿನಲ್ಲಿ ದೇವಾಲಯದ ಹಾಳಾದ ಭಾಗಗಳನ್ನು ಸರಿಪಡಿಸುವ ಮಾತು ಬರುವಾಗ ಇದೇ ಪದ ಇದೆ. ಆಮೇಲೆ ಅಡ್ಡಾದಿಡ್ಡಿ ರಿಪೇರಿಗೆ ಅಂಟಿಕೊಂಡಿತು, ಕೊನೆಗೆ ಯಾವ ಕೆಲಸ ಕೆಡಿಸಿದರೂ ಅದೇ ಆಯಿತು. ನಮ್ಮ ‘ತೇಪೆ’ಗೂ ಇದೇ ಗತಿ ಅಲ್ವಾ? ನಮ್ಮಜ್ಜಿ ಹರಿದ ಲಂಗಕ್ಕೆ ಸಣ್ಣ ಹೊಲಿಗೆಯಲ್ಲಿ ಹಾಕುತ್ತಿದ್ದದ್ದೂ ತೇಪೆಯೇ. ಇವತ್ತು ‘ಸುಮ್ನೆ ತೇಪೆ ಹಚ್ಚಿದ್ದಾರೆ’ ಅಂದರೆ ಬೈಗುಳ.

ಬ್ರಿಟನ್ನಿನಲ್ಲಿ ‘ಬಾಜ್’ (bodge) ಅಂತ ಇದರ ತಮ್ಮನೂ ಇದ್ದಾನೆ. ಕೈಗೆ ಸಿಕ್ಕ ತಂತಿ, ಟೇಪು ಸುತ್ತಿ ಹೇಗೋ ಕೆಲಸ ನಡೆಸಿದರೆ ಅದು ಬಾಜ್. ನೋಡಲು ಚೆನ್ನಾಗಿರದಿದ್ದರೂ ನಡೆಯುತ್ತೆ, ಹಾಗಾಗಿ ಅದಕ್ಕೆ ಬೈಗುಳ ಕಡಿಮೆ.

ಬಳಸುವಾಗ ಒಂದು ನೋಡಿಕೊಳ್ಳಿ. ಇಂಟರ್‌ವ್ಯೂನಲ್ಲಿ ತಡವರಿಸಿ ನೀವೇ ಹಾಳು ಮಾಡಿಕೊಂಡರೆ ‘ಐ ಬಾಚ್ಡ್ ಇಟ್’ ಅನ್ನಬಹುದು. ಚೆನ್ನಾಗಿ ಮಾಡಿಯೂ ಕೆಲಸ ಸಿಗದಿದ್ದರೆ ಅನ್ನುವ ಹಾಗಿಲ್ಲ. ಇನ್ನು ಅನುವಾದಕ್ಕೆ ‘ಎಡವಟ್ಟಾದ ಆಪರೇಷನ್’ ಅಂತ ಬರೆಯಿರಿ. ‘ವಿಫಲ’ ಅಂದರೆ ಡಾಕ್ಟರ ಕೈತಪ್ಪು ಓದುವವರಿಗೆ ಗೊತ್ತೇ ಆಗುವುದಿಲ್ಲ.