ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡಗಳಿಗೆ ಸಾವಿರಾರು ಕೋಟಿ ಬೆಲೆ ಅಂತಾರೆ. ಅಷ್ಟು ಬೆಲೆ ಹೇಗೆ ಬರುತ್ತೆ? ಯಾರಾದರೂ ಕೊಂಡುಕೊಳ್ಳಬಹುದಾ?

ಇಲ್ಲಿ ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಆಟ. ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡ್ತೀನಿ. ಕೊಂಡುಕೊಳ್ಳೋಕೆ ಆಗಲ್ಲ. ತಂಡ ವಿಶ್ವವಿದ್ಯಾಲಯದ್ದು. ಅದಕ್ಕೆ ಮಾಲೀಕ ಅಂತ ಒಬ್ಬ ಇಲ್ಲ, ಷೇರು ಇಲ್ಲ, ಹರಾಜೂ ಇಲ್ಲ. 2021ರಲ್ಲಿ ಐಪಿಎಲ್‌ನ ಲಖನೌ ತಂಡಕ್ಕೆ 7,090 ಕೋಟಿ ರೂಪಾಯಿ ಬಿಡ್ ಬಂತಲ್ಲ, ಅದು ಒಬ್ಬರು ನಿಜವಾಗಿ ಕೊಡಲು ಒಪ್ಪಿದ ದುಡ್ಡು. ಕಾಲೇಜು ತಂಡದ ಬೆಲೆ ಹಾಗಲ್ಲ. 'ಒಂದು ವೇಳೆ ಇದನ್ನು ಮಾರುವಂತಿದ್ದರೆ ಎಷ್ಟಕ್ಕೆ ಹೋಗುತ್ತಿತ್ತು' ಅಂತ ಲೆಕ್ಕ ಹಾಕಿ ಹೇಳಿದ ಅಂದಾಜು ಅದು.

ಅಂದಾಜು ಅನ್ನೋದಕ್ಕೆ ಒಂದು ಉದಾಹರಣೆ ಕೊಡ್ತೀನಿ. ನಾನಿರೋದು ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ, ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಊರು. 2024ರ ಕೊನೆಯಲ್ಲಿ ವ್ಯಾಪಾರ ಸುದ್ದಿಯ ಟಿವಿ ವಾಹಿನಿ ಸಿಎನ್‌ಬಿಸಿ ಈ ವಿಶ್ವವಿದ್ಯಾಲಯದ ಇಡೀ ಕ್ರೀಡಾ ವಿಭಾಗಕ್ಕೆ ಸುಮಾರು 132 ಕೋಟಿ ಡಾಲರ್ ಬೆಲೆ ಕಟ್ಟಿತು. ಸರಿಸುಮಾರು ಅದೇ ಹೊತ್ತಿಗೆ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ರಯಾನ್ ಬ್ರೂವರ್ ಎಂಬ ಪ್ರಾಧ್ಯಾಪಕರ ಲೆಕ್ಕ ಬಂತು. ಅವರ ಪ್ರಕಾರ ಬರೀ ಫುಟ್‌ಬಾಲ್ ತಂಡಕ್ಕೇ 200 ಕೋಟಿ ಡಾಲರ್ ಹತ್ತಿರ. ಡಾಲರ್‌ಗೆ 85 ರೂಪಾಯಿ ಹಿಡಿದರೆ ಹದಿನೇಳು ಸಾವಿರ ಕೋಟಿ ರೂಪಾಯಿ. ಇಡೀ ಮನೆಗಿಂತ ಅದರೊಳಗಿನ ಒಂದು ಕೋಣೆಗೇ ಜಾಸ್ತಿ ಬೆಲೆ ಬಂದ ಹಾಗಾಯ್ತು ಅಲ್ವಾ? ಇಬ್ಬರೂ ತಪ್ಪು ಮಾಡಿಲ್ಲ, ಅಳೆಯುವ ಕೋಲು ಬೇರೆ ಬೇರೆ. ಹಾಗಾಗಿ ಪಟ್ಟಿಯಲ್ಲಿ ಯಾರು ಮೊದಲು, ಯಾರು ಎರಡನೇ ಅನ್ನೋದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಟೆಕ್ಸಸ್, ಓಹಾಯೋ ಸ್ಟೇಟ್, ಮಿಷಿಗನ್, ಜಾರ್ಜಿಯಾ, ಅಲಬಾಮಾ, ನೋಟರ್ ಡೇಮ್, ಟೆಕ್ಸಸ್ ಎ ಅಂಡ್ ಎಂ. ಯಾರು ಲೆಕ್ಕ ಹಾಕಿದರೂ ಮೇಲಿನ ಸಾಲಿನಲ್ಲಿ ತಿರುಗೋದು ಹೆಚ್ಚುಕಮ್ಮಿ ಇವೇ ಹೆಸರು.

ಇನ್ನು ಬೆಲೆ ಎಲ್ಲಿಂದ ಬರುತ್ತೆ ಅನ್ನೋದು. ಇದು ನನಗೆ ಅರ್ಥವಾಗಿದ್ದು ನಮ್ಮ ಪಕ್ಕದ ಮನೆಯ ಹಿರಿಯರಿಂದ. ಅವರಿಗೆ ಎಪ್ಪತ್ತು ದಾಟಿದೆ. ಇಲ್ಲಿಯ ಕ್ರೀಡಾಂಗಣ 1922ರದು, ಕುದುರೆ ಲಾಳದ ಆಕಾರ, 1,02,780 ಜನ ಕೂರಬಹುದು. ಅದರಲ್ಲಿ ಇವರಿಗೆ ಅಪ್ಪನ ಕಾಲದಿಂದ ಅದೇ ಎರಡು ಸೀಟು. ಟಿಕೆಟ್ ದುಡ್ಡು ಬೇರೆ. ಆ ಸೀಟಿನ ಟಿಕೆಟ್ ಕೊಳ್ಳುವ ಹಕ್ಕು ಉಳಿಸಿಕೊಳ್ಳೋಕೆ ಪ್ರತಿ ವರ್ಷ ಕ್ರೀಡಾ ವಿಭಾಗಕ್ಕೆ ದೇಣಿಗೆ ಕೊಡಬೇಕು. ಹೆಂಡತಿ ತೀರಿಕೊಂಡ ವರ್ಷವೂ ಅವರು ಎರಡೂ ಸೀಟು ಬಿಡಲಿಲ್ಲ. 2024ರ ನವೆಂಬರ್ 30ರಂದು ಮಿಷಿಗನ್ ವಿರುದ್ಧದ ಪಂದ್ಯಕ್ಕೆ ಆ ಎರಡನೇ ಸೀಟಿನಲ್ಲಿ ನನ್ನನ್ನು ಕೂರಿಸಿಕೊಂಡರು.

ಮಿಷಿಗನ್ ಪಂದ್ಯದ ವಾರ ಕ್ಯಾಂಪಸ್ಸಿನ ಬೋರ್ಡುಗಳಲ್ಲಿ ಎಲ್ಲೆಲ್ಲಿ 'ಎಂ' ಅಕ್ಷರ ಇದೆಯೋ ಅಲ್ಲೆಲ್ಲ ಕೆಂಪು ಟೇಪಿನಲ್ಲಿ ಅಡ್ಡಗೆರೆ ಎಳೆದಿರುತ್ತಾರೆ. ಬ್ಯಾಂಡಿನವರು ಮೈದಾನದಲ್ಲಿ ಸಾಲಾಗಿ ನಡೆಯುತ್ತಲೇ ಇಂಗ್ಲಿಷ್ ಕೂಡುಬರಹದಲ್ಲಿ 'Ohio' ಅಂತ ಬರೆಯುತ್ತಾರೆ. 'ಐ' ಮೇಲಿನ ಚುಕ್ಕೆಯ ಜಾಗಕ್ಕೆ ದೊಡ್ಡ ಕಹಳೆ ಹೆಗಲಿಗೇರಿಸಿಕೊಂಡ ಒಬ್ಬರು ಬಂದು ನಿಂತು, ಟೋಪಿ ತೆಗೆದು, ಸೊಂಟ ಬಗ್ಗಿಸಿ ನಮಸ್ಕರಿಸುತ್ತಾರೆ. ಲಕ್ಷ ಜನ ಒಟ್ಟಿಗೆ ಕೂಗಿದಾಗ ಕಾಲ ಕೆಳಗಿನ ಕಾಂಕ್ರೀಟು ನಡುಗಿದ್ದು ನನಗೆ ಗೊತ್ತಾಯಿತು. ನನ್ನ ಪಕ್ಕದಲ್ಲಿದ್ದ ಆ ಹಿರಿಯರ ಕಣ್ಣು ಒದ್ದೆಯಾಗಿತ್ತು. ಅಷ್ಟು ವರ್ಷ ನೋಡಿದ್ದನ್ನೇ ಮತ್ತೆ ನೋಡಿ!

ಆವತ್ತು ಓಹಾಯೋ ಸ್ಟೇಟ್ 13-10ರಲ್ಲಿ ಸೋತಿತು. ಅದೂ ಆ ಸಲ ರ‍್ಯಾಂಕಿಂಗ್‌ನಲ್ಲೇ ಇಲ್ಲದ ಮಿಷಿಗನ್ ಎದುರು. ವಾಪಸ್ ಬರುವಾಗ ಕಾರಿನಲ್ಲಿ ಅವರು ಒಂದು ಮಾತೂ ಆಡಲಿಲ್ಲ. ಮುಂದಿನ ವರ್ಷದ ದೇಣಿಗೆಯ ಪತ್ರ ಬಂದಾಗ ಮಾತ್ರ ಒಂದು ದಿನವೂ ತಡ ಮಾಡದೆ ದುಡ್ಡು ಕಟ್ಟಿದರು. ಬೆಲೆ ಕಟ್ಟುವವರು ಲೆಕ್ಕಕ್ಕೆ ಹಿಡಿಯೋದು ಇದನ್ನೇ. ಸೋತರೂ ಗೆದ್ದರೂ ಬರುವ ಜನ, ಅಪ್ಪನಿಂದ ಮಗನಿಗೆ, ಅಜ್ಜಿಯಿಂದ ಮೊಮ್ಮಗಳಿಗೆ ದಾಟುವ ಅಭ್ಯಾಸ. (ಅದೇ ತಂಡ 2025ರ ಜನವರಿ 20ರಂದು ನೋಟರ್ ಡೇಮ್ ತಂಡವನ್ನು 34-23ರಲ್ಲಿ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಆವತ್ತು ರಾತ್ರಿ ಅವರು ನಮ್ಮ ಬಾಗಿಲು ಬಡಿದು ಕೈ ಕುಲುಕಿ ಹೋದರು.)

ಜನರ ಈ ಅಭ್ಯಾಸವನ್ನು ದೊಡ್ಡ ದುಡ್ಡಾಗಿ ಮಾಡಿದ್ದು ಟಿವಿ. ಮೊದಲು ಯಾವ ಪಂದ್ಯ ಟಿವಿಯಲ್ಲಿ ಬರಬೇಕು, ಎಷ್ಟು ಬರಬೇಕು ಅನ್ನೋದೆಲ್ಲ ಎನ್‌ಸಿಎಎ ಎಂಬ, ಕಾಲೇಜು ಕ್ರೀಡೆಗಳನ್ನು ನಡೆಸುವ ಕೇಂದ್ರ ಸಂಸ್ಥೆಯ ಕೈಯಲ್ಲಿತ್ತು. ಒಕ್ಲಹೋಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. 1984ರಲ್ಲಿ ಸುಪ್ರೀಂ ಕೋರ್ಟ್ ಆ ಹಿಡಿತವನ್ನು ಬಿಡಿಸಿತು. ಅಲ್ಲಿಂದ ಮುಂದೆ ವಿಶ್ವವಿದ್ಯಾಲಯಗಳು 'ಕಾನ್ಫರೆನ್ಸ್' ಎಂಬ ಗುಂಪುಗಳ ಮೂಲಕ ತಮ್ಮ ಪಂದ್ಯಗಳನ್ನು ತಾವೇ ಮಾರತೊಡಗಿದವು. ಓಹಾಯೋ ಸ್ಟೇಟ್ ಇರುವ ಬಿಗ್ ಟೆನ್ ಗುಂಪು 2022ರಲ್ಲಿ ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜೊತೆ ಮಾಡಿಕೊಂಡ ಒಪ್ಪಂದ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಜಾಸ್ತಿ.

ನನ್ನ ಅಭಿಪ್ರಾಯದಲ್ಲಿ ಇವತ್ತು ಒಂದು ತಂಡದ ಬೆಲೆ ನಿಂತಿರೋದು ಅದು ಎಷ್ಟು ಚೆನ್ನಾಗಿ ಆಡುತ್ತೆ ಅನ್ನೋದರ ಮೇಲಲ್ಲ, ಯಾವ ಗುಂಪಿನಲ್ಲಿದೆ ಅನ್ನೋದರ ಮೇಲೆ. ಪಶ್ಚಿಮ ಕರಾವಳಿಯ ಪ್ಯಾಕ್-12 ಗುಂಪಿನ ಕಥೆ ನೋಡಿ, ಬೇಜಾರಾಗುತ್ತೆ. ನೂರು ವರ್ಷಕ್ಕೂ ಹಳೆಯ ಗುಂಪು. 2024ರಲ್ಲಿ ಯುಎಸ್‌ಸಿ, ಯುಸಿಎಲ್‌ಎ, ಒರೆಗನ್, ವಾಷಿಂಗ್ಟನ್ ನಾಲ್ಕೂ ಬಿಗ್ ಟೆನ್‌ಗೆ ಬಂದವು, ಉಳಿದವು ಬೇರೆ ಬೇರೆ ಕಡೆ ಹೋದವು. ಕೊನೆಗೆ ಉಳಿದದ್ದು ವಾಷಿಂಗ್ಟನ್ ಸ್ಟೇಟ್ ಮತ್ತು ಒರೆಗನ್ ಸ್ಟೇಟ್, ಎರಡೇ ಎರಡು. ಅದೇ ಮೈದಾನ, ಅದೇ ಜನ, ಅದೇ ಬಣ್ಣದ ಅಂಗಿ. ಆದರೆ ಟಿವಿ ದುಡ್ಡು ಹೋಯಿತು, ಅದರ ಜೊತೆ ಬೆಲೆಯೂ ಹೋಯಿತು. ಆ ಊರಿನವರು ಮಾಡಿದ ತಪ್ಪಾದರೂ ಏನು?

ಹಾಗಾದರೆ ಬಂದ ದುಡ್ಡೆಲ್ಲ ಎಲ್ಲಿಗೆ ಹೋಗುತ್ತೆ? ಲಾಭ ಜೇಬಿಗಿಳಿಸಿಕೊಳ್ಳುವ ಮಾಲೀಕ ಇಲ್ಲದ್ದರಿಂದ ಬಂದಷ್ಟೂ ಖರ್ಚಾಗುತ್ತೆ. ಓಹಾಯೋ ಸ್ಟೇಟ್‌ನಲ್ಲಿ 36 ಕ್ರೀಡೆಗಳಿವೆ. ಈಜು, ಕುಸ್ತಿ, ಕತ್ತಿವರಸೆ ಇಂಥವುಗಳ ಖರ್ಚು ಬಹುಪಾಲು ನಡೆಯೋದು ಫುಟ್‌ಬಾಲ್ ದುಡ್ಡಿನಲ್ಲೇ. ಇದು ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಕೋಚ್‌ಗಳ ಸಂಬಳ ನೋಡಿದರೆ ಹಾಗನ್ನಿಸೋದಿಲ್ಲ. 2023ರಲ್ಲಿ ಟೆಕ್ಸಸ್ ಎ ಅಂಡ್ ಎಂ ತನ್ನ ಕೋಚ್ ಜಿಂಬೋ ಫಿಶರ್ ಅವರನ್ನು ತೆಗೆದುಹಾಕಿತು. ಒಪ್ಪಂದ ಮುಗಿಯುವ ಮೊದಲೇ ತೆಗೆದದ್ದಕ್ಕೆ ಅವರಿಗೆ ಕೊಡಬೇಕಾಗಿ ಬಂದದ್ದು 7.5 ಕೋಟಿ ಡಾಲರ್‌ಗೂ ಮೇಲೆ. ಕೆಲಸ ಮಾಡಬೇಡಿ ಅನ್ನೋದಕ್ಕೆ ಅಷ್ಟು ದುಡ್ಡು!

ಅದೇ ಕಾಲದಲ್ಲಿ ಆಟಗಾರರಿಗೆ ಏನು ಸಿಗುತ್ತಿತ್ತು? ಬಹಳ ವರ್ಷ ಬರೀ ವಿದ್ಯಾರ್ಥಿವೇತನ. ಅಂದರೆ ಫೀಸು, ಊಟ, ವಸತಿ. ತಮ್ಮ ನಂಬರಿನ ಅಂಗಿ ಅಂಗಡಿಯಲ್ಲಿ ಮಾರಾಟವಾದರೂ ಒಂದು ಪೈಸೆ ಮುಟ್ಟುವಂತಿರಲಿಲ್ಲ. ಮಂಡಿ ಮುರಿದುಕೊಂಡು ಇಪ್ಪತ್ತೊಂದಕ್ಕೇ ಆಟ ಬಿಟ್ಟ ಹುಡುಗರು ಈ ಊರಲ್ಲೂ ಇದ್ದಾರೆ. ಅವರ ಬೆವರಿಗೆ ಈ ಬೆಲೆಪಟ್ಟಿಗಳಲ್ಲಿ ಒಂದು ಸಾಲೂ ಇರಲಿಲ್ಲ. ನನಗೆ ಈ ಇಡೀ ವಿಷಯದಲ್ಲಿ ಹೊಟ್ಟೆ ಉರಿಯುತ್ತಿದ್ದದ್ದು ಇದೊಂದಕ್ಕೇ.

ಈಗ ಸ್ವಲ್ಪ ಬದಲಾಗಿದೆ. 2021ರ ಜುಲೈಯಿಂದ ಆಟಗಾರರು ಜಾಹೀರಾತಿನಿಂದ ದುಡಿಯಬಹುದು. 2024ರಲ್ಲಿ ಇಎ ಸ್ಪೋರ್ಟ್ಸ್ ಕಾಲೇಜು ಫುಟ್‌ಬಾಲ್ ವಿಡಿಯೋ ಗೇಮನ್ನು ಮತ್ತೆ ತಂದಾಗ, ತಮ್ಮ ಹೆಸರು, ಮುಖ ಬಳಸಲು ಒಪ್ಪಿದ ಪ್ರತಿ ಆಟಗಾರನಿಗೂ 600 ಡಾಲರ್ ಮತ್ತು ಗೇಮಿನ ಒಂದು ಪ್ರತಿ ಕೊಟ್ಟಿತು. ಹಿಂದೆ ಅದೂ ಇರಲಿಲ್ಲ. 2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಕೇಸಿನಲ್ಲಿ ಒಂದು ದೊಡ್ಡ ರಾಜಿ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು. ಅದರಂತೆ ಒಂದು ವಿಶ್ವವಿದ್ಯಾಲಯ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದು. ಹಳೆಯ ಆಟಗಾರರಿಗೆ ಹತ್ತು ವರ್ಷದಲ್ಲಿ ಒಟ್ಟು 280 ಕೋಟಿ ಡಾಲರ್ ಪರಿಹಾರ.

ಇದರಿಂದ ತಂಡಗಳ ಬೆಲೆ ಇಳಿಯುತ್ತಾ ಅಂತ ನೀವು ಕೇಳಬಹುದು. ಲೆಕ್ಕದಲ್ಲಿ ಒಂದು ದೊಡ್ಡ ಖರ್ಚು ಸೇರಿದ್ದು ನಿಜ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಡಲ್ಲಾಸ್ ಕೌಬಾಯ್ಸ್ ತಂಡಕ್ಕೆ ವರ್ಷದ ಆದಾಯದ ಎಂಟು ಪಟ್ಟಿಗೂ ಜಾಸ್ತಿ ಬೆಲೆ ಕಟ್ಟುತ್ತಾರೆ, ಕಾಲೇಜಿನವಕ್ಕೆ ಸಿಎನ್‌ಬಿಸಿ ಲೆಕ್ಕದಲ್ಲಿ ನಾಲ್ಕೈದು ಪಟ್ಟು ಅಷ್ಟೇ. ಮಾರೋಕೆ ಆಗಲ್ಲ, ಬೇರೆ ಕ್ರೀಡೆಗಳನ್ನು ಸಾಕಬೇಕು, ಆಟಗಾರರಿಗೆ ಮುಂದೆ ಎಷ್ಟು ಕೊಡಬೇಕಾಗುತ್ತೋ ತಿಳಿಯದು. ಕಡಿಮೆ ಕಟ್ಟೋದಕ್ಕೆ ಕಾರಣ ಇವೇ. ಆದರೆ ಆಟಗಾರರಿಗೆ ಪಾಲು ಕೊಟ್ಟು ಬೆಲೆ ಸ್ವಲ್ಪ ಇಳಿದರೆ ಇಳಿಯಲಿ ಬಿಡಿ. ಇಷ್ಟು ದಿನ ಅಷ್ಟು ಜಾಸ್ತಿ ಕಾಣುತ್ತಿದ್ದದ್ದೇ ಅವರ ಪಾಲನ್ನು ಕೊಡದೆ ಇದ್ದದ್ದರಿಂದ.

ನಿಮಗೆ ಸ್ವತಃ ನೋಡುವ ಆಸೆ ಇದ್ದರೆ ಬೆಲೆಪಟ್ಟಿ ಬಿಟ್ಟು ಆದಾಯ-ಖರ್ಚಿನ ವರದಿ ಹುಡುಕಿ. ಸರ್ಕಾರಿ ವಿಶ್ವವಿದ್ಯಾಲಯಗಳು ಪ್ರತಿ ವರ್ಷ ಎನ್‌ಸಿಎಎಗೆ ಕೊಡುವ ಲೆಕ್ಕ ಸಾರ್ವಜನಿಕರಿಗೂ ಸಿಗುತ್ತೆ. ಟಿಕೆಟ್ಟಿನಿಂದ ಎಷ್ಟು, ದೇಣಿಗೆಯಿಂದ ಎಷ್ಟು, ಟಿವಿಯಿಂದ ಎಷ್ಟು ಅಂತ ಸಾಲು ಸಾಲಾಗಿ ಇರುತ್ತೆ. ನೋಟರ್ ಡೇಮ್, ಯುಎಸ್‌ಸಿ ಖಾಸಗಿಯವು, ಅವುಗಳದ್ದು ಹಾಗೆ ಸಿಗಲ್ಲ. ಓಹಾಯೋ ಸ್ಟೇಟ್‌ನದ್ದು ಓದುವಾಗ ಏನಾದರೂ ತಿಳಿಯದಿದ್ದರೆ ಕೆಳಗೆ ಕೇಳಿ, ನನಗೆ ಗೊತ್ತಿರೋದನ್ನು ಹೇಳ್ತೀನಿ.