ಓದುಗರ ಪ್ರಶ್ನೆ: ಟೂಸಾನ್ ನಗರದಲ್ಲಿ ಏನು ತಿನ್ನಬೇಕು?

ಪ್ರಶ್ನೆ: ನಮ್ಮ ಮಗಳು ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್‌ನಲ್ಲಿದ್ದಾಳೆ. ಈ ಚಳಿಗಾಲದಲ್ಲಿ ನಾವಿಬ್ಬರೂ ಎರಡು ತಿಂಗಳ ಮಟ್ಟಿಗೆ ಅಲ್ಲಿಗೆ ಹೊರಟಿದ್ದೇವೆ. ಅಲ್ಲಿಯ ಮೆಕ್ಸಿಕನ್ ಊಟ ಹೆಸರುವಾಸಿಯಂತೆ. ಆದರೆ ಇಲ್ಲಿನ ಹೋಟೆಲೊಂದರಲ್ಲಿ ತಿಂದ ಟಾಕೊ ನಮಗೆ ಸ್ವಲ್ಪವೂ ಹಿಡಿಸಲಿಲ್ಲ. ನಾನು ಮಾಂಸಾಹಾರಿ, ನನ್ನ ಹೆಂಡತಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಎಲ್ಲಿ, ಏನು ತಿನ್ನಬಹುದು?
— ಓದುಗರೊಬ್ಬರು, ಬಳ್ಳಾರಿ

ಉತ್ತರ: ಬಳ್ಳಾರಿಯಲ್ಲಿ ತಿಂದ ಟಾಕೊವನ್ನು ಮನಸ್ಸಿನಿಂದ ತೆಗೆದುಹಾಕಿ ಹೊರಡಿ. ಮಂಗಳೂರಿನ ಕೋರಿ ರೊಟ್ಟಿಗೂ ನಮ್ಮ ಎಣ್ಣೆಗಾಯಿ, ಖಡಕ್ ರೊಟ್ಟಿಗೂ ಎಷ್ಟು ದೂರವೋ, ಮೆಕ್ಸಿಕೋದ ಒಂದು ಸೀಮೆಯ ಅಡುಗೆಗೂ ಇನ್ನೊಂದು ಸೀಮೆಯ ಅಡುಗೆಗೂ ಅಷ್ಟೇ ದೂರ. ಟೂಸಾನ್‌ನಲ್ಲಿ ಸಿಗುವುದು ಗಡಿಯಾಚೆಗಿನ ಮೆಕ್ಸಿಕೋದ ಸೊನೊರಾ ಸೀಮೆಯ ಊಟ. ಗಡಿಯಿಂದ ಸುಮಾರು ನೂರು ಕಿಲೋಮೀಟರ್ ದೂರದ ಈ ಊರು 1854ರ ಒಪ್ಪಂದದಿಂದಷ್ಟೇ ಅಮೆರಿಕಕ್ಕೆ ಸೇರಿತು. ಅಡುಗೆಮನೆ ಮಾತ್ರ ಹಳೆಯ ನೆಲದ್ದಾಗಿಯೇ ಉಳಿದಿದೆ. 2015ರಲ್ಲಿ ಯುನೆಸ್ಕೊ ಈ ಊರಿಗೆ ಆಹಾರ ಸಂಸ್ಕೃತಿಯ ನಗರವೆಂಬ ಮನ್ನಣೆ ಕೊಟ್ಟಿತು. ಅಮೆರಿಕದಲ್ಲಿ ಆ ಮನ್ನಣೆ ಪಡೆದ ಮೊದಲ ಊರು ಇದೇ.

ಸೊನೊರಾ ಗೋಧಿಯ ಸೀಮೆ. ಸ್ಪೇನಿನ ಪಾದ್ರಿಗಳು ತಂದ ಬಿಳಿ ಗೋಧಿ ಅಲ್ಲಿಯ ಒಣನೆಲಕ್ಕೆ ಒಗ್ಗಿಕೊಂಡಿತು. ನೀವು ಮೊದಲು ನೋಡಬೇಕಾದದ್ದು ಸೊಬಕೆರಾ ಎಂಬ ದೊಡ್ಡ ಟೋರ್ಟಿಯಾ, ಅಂದರೆ ಅಲ್ಲಿಯ ರೊಟ್ಟಿ, ಮಾಡುವ ಬಗೆಯನ್ನು. ಅಂಗೈಯಗಲದ ಕಣಕದ ಉಂಡೆಯನ್ನು ಹೆಂಗಸೊಬ್ಬರು ಎರಡೂ ಕೈಗಳ ಮೇಲೆ ತಿರುಗಿಸುತ್ತ, ಅದು ಮೊಣಕೈಯನ್ನು ದಾಟಿ ಇಳಿಬೀಳುವಷ್ಟು, ಆಚೆಗಿನ ಬೆಳಕು ಕಾಣುವಷ್ಟು ತೆಳ್ಳಗೆ ಹಿಗ್ಗಿಸಿ, ಬೋರಲು ಹಾಕಿದ ಬಾಣಲೆಯಂಥ ಕಾವಲಿಯ ಮೇಲೆ ಹಾಸುವುದನ್ನು ನಾನು ಬಹಳ ಹೊತ್ತು ನಿಂತು ನೋಡಿದ್ದೇನೆ. ಬಡಿದ ರೊಟ್ಟಿಯ ಸದ್ದು ಕೇಳಿ ಬೆಳೆದ ನನಗೆ ಆ ಕೈಗಳು ಅಪರಿಚಿತವೆನಿಸಲಿಲ್ಲ.

ಜಾಗಗಳ ವಿಷಯಕ್ಕೆ ಬಂದರೆ, ಊರಿನ ನಡುವೆ 1922ರಿಂದ ನಡೆಯುತ್ತಿರುವ 'ಎಲ್ ಚಾರೊ' ಇದೆ. ಅಲ್ಲಿ ಛಾವಣಿಯ ಮೇಲಿನ ಪಂಜರದಲ್ಲಿ ಬಿಸಿಲಿಗೆ ಒಣಗಿಸಿದ ದನದ ಮಾಂಸ, ಅಂದರೆ ಕಾರ್ನೆ ಸೆಕಾ, ಪ್ರಸಿದ್ಧ. ನನ್ನ ಮಾತು ಕೇಳುವುದಾದರೆ ಹೆಚ್ಚು ದಿನಗಳನ್ನು ದಕ್ಷಿಣದ ಬಡಾವಣೆಗಳಿಗೆ, ಅದರಲ್ಲೂ ಸೌತ್ 12ನೇ ಅವೆನ್ಯೂ ಕಡೆಗೆ ಮೀಸಲಿಡಿ. ಅಲ್ಲಿಯ 'ಎಲ್ ಗ್ವೆರೊ ಕನೆಲೊ' ತನ್ನ ಸೊನೊರಾ ಹಾಟ್‌ಡಾಗ್‌ನಿಂದಾಗಿ 2018ರಲ್ಲಿ ಅಮೆರಿಕದ ಅಡುಗೆ ಲೋಕದ ಹೆಸರಾಂತ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಪಡೆಯಿತು. ಅದಕ್ಕೆ ಹಂದಿಮಾಂಸ ಸುತ್ತಿರುತ್ತಾರೆ ಎಂಬುದು ಗೊತ್ತಿರಲಿ. ದನ, ಹಂದಿ ಎರಡೂ ಬೇಡವೆಂದರೆ 'ಪೋಯೊ' ಎಂದು ಕೇಳಿ, ಕೋಳಿ ಕೊಡುತ್ತಾರೆ. ಮೇಜಿನ ಮೇಲೆ ಚಿಲ್ತೆಪೀನ್ ಇದ್ದರೆ ಬಿಡಬೇಡಿ: ಕಡಲೆಗಿಂತ ಚಿಕ್ಕದಾದ ಗುಂಡನೆಯ ಕಾಡುಮೆಣಸಿನಕಾಯಿ ಅದು, ಬೆರಳಲ್ಲೇ ಪುಡಿಮಾಡಿ ಉದುರಿಸಿಕೊಳ್ಳಬೇಕು. ಖಾರ ಥಟ್ಟನೆ ಏರಿ ಅಷ್ಟೇ ಬೇಗ ಇಳಿಯುತ್ತದೆ.

ನಿಮ್ಮ ಮನೆಯವರ ವಿಷಯದಲ್ಲಿ ಎಚ್ಚರ ಬೇಕು. ಅರೆದ ಬೀನ್ಸ್ ಕಾಳಿನ ಫ್ರಿಹೋಲೆಸ್‌ಗೂ ಗೋಧಿ ಟೋರ್ಟಿಯಾಕ್ಕೂ ಎಷ್ಟೋ ಕಡೆ ಹಂದಿಯ ಕೊಬ್ಬು ಹಾಕುತ್ತಾರೆ. ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸುವುದೂ ಉಂಟು. 'ಸಿನ್ ಮಂತೇಕಾ', ಅಂದರೆ ಕೊಬ್ಬಿಲ್ಲದೆ, ಎಂಬ ಎರಡು ಪದಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಚೀಸ್ ತುಂಬಿದ ಮೆಣಸಿನಕಾಯಿ, ಅಂದರೆ ಚಿಲೆ ರೆಯೆನೊ, ಸಸ್ಯಾಹಾರದಂತೆ ಕಂಡರೂ ಅದರ ಹೊರಪದರಕ್ಕೆ ಮೊಟ್ಟೆ ಇರುತ್ತದೆ. ಕುಂಬಳದ ಜಾತಿಯ ಎಳೆಕಾಯಿ, ಮೆಕ್ಕೆಜೋಳದ ಕಾಳು, ಮೆಣಸಿನಕಾಯಿ ಸೇರಿಸಿದ ಕಲಬಸೀತಾಸ್ ಆಕೆಗೆ ಒಪ್ಪುತ್ತದೆ. ನೋಪಲೀತೊಸ್ ಪಲ್ಯವನ್ನಂತೂ ತಿನ್ನಲೇಬೇಕು. ನಮ್ಮ ಹೊಲದ ಬೇಲಿಯ ಪಾಪಾಸುಕಳ್ಳಿಯ ಕುಲದ ಗಿಡವೇ ಅದು. ಮುಳ್ಳು ಹೆರೆದು ಹುರುಳಿಕಾಯಿಯಂತೆ ಹೆಚ್ಚಿ ಬೇಯಿಸಿದರೆ ಬೆಂಡೆಯ ಲೋಳೆ, ಸ್ವಲ್ಪ ಹುಳಿ.

ಪಕ್ಕದ ನ್ಯೂ ಮೆಕ್ಸಿಕೋ ರಾಜ್ಯಕ್ಕೆ ಹೋದರೆ 'ಕೆಂಪೋ, ಹಸಿರೋ' ಎಂದು ಕೇಳುತ್ತಾರೆ. ಮೆಣಸಿನಕಾಯಿಯ ಬಗೆಗಿನ ಆ ಪ್ರಶ್ನೆ ಅಲ್ಲಿಯ ಅಧಿಕೃತ ರಾಜ್ಯಪ್ರಶ್ನೆ. ಚಳಿಗಾಲದಲ್ಲಿ ಕೆಂಪನ್ನೇ ಆರಿಸಿ. ಬ್ಯಾಡಗಿಯ ಬಣ್ಣ ಕಂಡು ಬೆಳೆದವರಿಗೆ ಅದು ಬೇಗ ಹಿಡಿಸುತ್ತದೆ.

ಪ್ರಶ್ನೆ: ಮನೆಯಲ್ಲಿ ಮೆಕ್ಕೆಜೋಳದ ಹಿಟ್ಟಿನಿಂದ ಟೋರ್ಟಿಯಾ ಮಾಡಲು ಹೋದರೆ ಒಡೆದು ಚೂರಾಗುತ್ತದೆ. ಏಕೆ?
— ಓದುಗರೊಬ್ಬರು, ಕೊಪ್ಪಳ

ಉತ್ತರ: ಹಿಟ್ಟು ಮಾಡುವ ಮೊದಲು ನೀವು ಕಾಳಿಗೆ ಸುಣ್ಣ ಹಾಕಿಲ್ಲ. ಒಂದು ಕಿಲೋ ಒಣ ಕಾಳಿಗೆ ಸುಮಾರು ಹತ್ತು ಗ್ರಾಂ ಸುಣ್ಣ, ಮೂರು ಲೀಟರ್ ನೀರು ಸೇರಿಸಿ ಸಣ್ಣ ಉರಿಯಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಡಬೇಕು. ಗೋಡೆಗೆ ಬಳಿಯುವ ಸುಣ್ಣ ಖಂಡಿತ ಬೇಡ. ಎಲೆಯಡಿಕೆಗೆ ಬಳಸುವ ಶುದ್ಧ ಸುಣ್ಣವಿರಲಿ. ಬೆಳಿಗ್ಗೆ ಕಾಳಿನ ಸಿಪ್ಪೆ ಕೈಗೆ ಜಾರಿ ಬರುತ್ತದೆ, ಹಿಟ್ಟಿಗೆ ಅಂಟು ಬರುತ್ತದೆ. ಜೊತೆಗೆ ಕಾಳಿನಲ್ಲಿ ಕಟ್ಟುಬಿದ್ದ ನಯಾಸಿನ್ ಎಂಬ ಜೀವಸತ್ವ ಬಿಡುಗಡೆಯಾಗಿ ದೇಹಕ್ಕೆ ದಕ್ಕುತ್ತದೆ. ಮೆಕ್ಕೆಜೋಳವನ್ನು ಕೊಂಡೊಯ್ದು ಈ ಪದ್ಧತಿಯನ್ನು ಕಲಿಯದ ಯುರೋಪಿನ ಬಡವರು ನಯಾಸಿನ್ ಕೊರತೆಯಿಂದ ಬರುವ ಪೆಲಾಗ್ರ ರೋಗದಿಂದ ನರಳಿದರು. ಕಾಳನ್ನು ಚೆನ್ನಾಗಿ ತೊಳೆದು, ಹಸಿಯಾಗಿಯೇ ನುಣ್ಣಗೆ ರುಬ್ಬಿ, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಒತ್ತಿ, ಚೆನ್ನಾಗಿ ಕಾದ ಕಬ್ಬಿಣದ ಹಂಚಿನ ಮೇಲೆ ಹಾಕಿ. ಎರಡನೆಯ ಸಲ ಮಗುಚಿದಾಗ ಉಬ್ಬಿದರೆ ಹದ ಸರಿಯಾಗಿದೆ.